ಹಬ್ಬದೂಟದಲ್ಲಿ ನಾಯಿಯ ಪಾಲು

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ಕಾಲದ ಶಿಲಾಶಾಸನವೊಂದು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಅರಸ ಬೂತುಗನ ಕಡೆಯ ವೀರನಾದ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು, ದತ್ತಿ ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಕಟ್ಟುಪಾಡು ಮಾಡಿದರು. ನಾಯಿಯನ್ನು ನೆನೆದು ಆಮೇಲೆ ಉಣ್ಣಬೇಕೆಂಬ ವಿಧಿ ಹೀಗೆ ಸಾವಿರ ವರ್ಷಗಳ ಹಿಂದೆಯೇ ಈ ನೆಲದಲ್ಲಿ ಕಲ್ಲಿನ ಮೇಲೆ ಬರೆಯಲ್ಪಟ್ಟಿತ್ತು.

ಆ ಭಾವ ನಮ್ಮ ಮನೆಗಳಲ್ಲಿ ಬೇರೊಂದು ರೂಪದಲ್ಲಿ ಉಳಿದುಬಂದಿದೆ. ಊಟಕ್ಕೆ ಕೂಡುವ ಮುನ್ನ ಆಕಳಿಗೊಂದು ಪಾಲು, ನಾಯಿಗೊಂದು ಪಾಲು ಎತ್ತಿಡುವ ರೂಢಿಯನ್ನು ನಮ್ಮ ಹಿರಿಯರು ಬಿಟ್ಟವರಲ್ಲ. ಅಂದು ನಾಯಿಯ ಪಾಲಿಗೆ ಬರುತ್ತಿದ್ದುದು ಒಂದು ತುಂಡು ಜೋಳದ ರೊಟ್ಟಿ, ಒಂದಿಷ್ಟು ಮಜ್ಜಿಗೆ ಅನ್ನ, ದಕ್ಷಿಣದ ಕಡೆಯಾದರೆ ರಾಗಿ ಮುದ್ದೆ ಅಥವಾ ಅಂಬಲಿ. ಇಂದು ನಾಯಿ ಅಂಗಳದಿಂದ ಪಡಸಾಲೆಗೆ ಬಂದಿದೆ. ಅದರ ತಟ್ಟೆಗೆ ದ್ರಾಕ್ಷಿ ಗೋಡಂಬಿಯ ಪಾಯಸ, ಉಳ್ಳಾಗಡ್ಡಿ ಭಜಿ, ಕರ್ಚಿಕಾಯಿ, ಮಕ್ಕಳ ಕೈಯ ಚಾಕೊಲೇಟು ಬಂದಿವೆ. ಪ್ರೀತಿ ಹೆಚ್ಚಿದೆ, ಅದರ ಜೊತೆಗೆ ಅಪಾಯವೂ ಹೆಚ್ಚಿದೆ. ದೀಪಾವಳಿ ಹತ್ತಿರವಾಗುತ್ತಿರುವ ಈ ಹೊತ್ತಿನಲ್ಲಿ ಮನೆಯ ನಾಯಿಗೆ ಹಬ್ಬದ ದಿನ ಏನು ಉಣಿಸಬೇಕು, ಏನು ಉಣಿಸಬಾರದು ಎಂಬುದನ್ನು ಓದುಗರೊಡನೆ ವಿಚಾರಿಸಬಯಸುತ್ತೇವೆ. ನಾವು ಮನುಷ್ಯರ ವೈದ್ಯರು. ನಾಯಿಯ ಚಿಕಿತ್ಸೆ ಪಶುವೈದ್ಯರ ಅಧಿಕಾರಕ್ಕೆ ಸೇರಿದ್ದು. ಆದರೆ ಆಹಾರವು ವೈದ್ಯಶಾಸ್ತ್ರದ ಮೊದಲ ಮೆಟ್ಟಿಲಾದುದರಿಂದ, ಅದನ್ನು ಕುರಿತು ಹೇಳಬೇಕಾದುದು ನಮ್ಮಲ್ಲಿಯೂ ಇದೆ.

ಉಣ್ಣುವವನು ಯಾರು?

ಚರಕಸಂಹಿತೆಯ ವಿಮಾನಸ್ಥಾನವು ಆಹಾರವನ್ನು ಎಂಟು ದೃಷ್ಟಿಗಳಿಂದ ಪರೀಕ್ಷಿಸಬೇಕೆನ್ನುತ್ತದೆ: ಪದಾರ್ಥದ ಪ್ರಕೃತಿ, ಅದಕ್ಕೆ ಮಾಡಿದ ಸಂಸ್ಕಾರ, ಬೇರೆ ಪದಾರ್ಥಗಳೊಡನೆ ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ವಿಧಿ, ಕೊನೆಯದಾಗಿ ಉಪಯೋಕ್ತೃ, ಎಂದರೆ ಉಣ್ಣುವವನು. ಮೊದಲ ಏಳೂ ಸರಿಯಾಗಿದ್ದು ಎಂಟನೆಯದು ಹೊಂದದಿದ್ದರೆ ಅಮೃತಪ್ರಾಯವಾದ ಆಹಾರವೂ ವಿಷವಾಗುತ್ತದೆ. ಈ ಮಾತಿಗೆ ನಾಯಿಯ ಊಟಕ್ಕಿಂತ ಒಳ್ಳೆಯ ನಿದರ್ಶನ ಬೇರೊಂದಿಲ್ಲ.

ಆಯುರ್ವೇದದಲ್ಲಿ ದ್ರಾಕ್ಷಿಯು ಹಣ್ಣುಗಳಲ್ಲಿ ಶ್ರೇಷ್ಠ. ಬೆಳ್ಳುಳ್ಳಿಯು ರಸಾಯನ, ಕಾಶ್ಯಪಸಂಹಿತೆಯಲ್ಲಿ ಅದಕ್ಕಾಗಿಯೇ ಒಂದು ಅಧ್ಯಾಯವಿದೆ. ಇವೆರಡನ್ನೂ ನಾವು ನಿತ್ಯ ರೋಗಿಗಳಿಗೆ ಹೇಳುತ್ತೇವೆ. ನಾಯಿಯ ವಿಷಯದಲ್ಲಿ ಮೊದಲನೆಯದು ಮೂತ್ರಪಿಂಡಕ್ಕೂ ಎರಡನೆಯದು ರಕ್ತಕ್ಕೂ ಶತ್ರು.

ಕೆಲವು ವರ್ಷಗಳ ಹಿಂದೆ ದೀಪಾವಳಿಯ ಮರುವಾರ ವೃದ್ಧ ತಾಯಿಯೊಬ್ಬರು ಮಗನೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ತಮ್ಮ ಮಲಬದ್ಧತೆಗೆ ರಾತ್ರಿ ನೆನೆಹಾಕಿದ ಮನೂಕವನ್ನು ತಿಂದು ಗುಣ ಕಂಡಿದ್ದವರು. ಹಬ್ಬದ ದಿನ ನಾಯಿಗೆ ಹೊಟ್ಟೆ ಕಟ್ಟಿದಂತೆ ತೋರಿದ್ದರಿಂದ, ಪಾಯಸಕ್ಕೆ ತಂದು ಉಳಿದಿದ್ದ ಒಣದ್ರಾಕ್ಷಿಯನ್ನು ಒಂದು ಬೊಗಸೆಯಷ್ಟು ಅದಕ್ಕೆ ತಿನ್ನಿಸಿದ್ದರು. ಆ ರಾತ್ರಿಯೇ ವಾಂತಿ ಆರಂಭವಾಯಿತು. ಹಬ್ಬದ ತಿನಿಸು ಹೆಚ್ಚಾಗಿರಬೇಕೆಂದು ಮನೆಯವರು ಸುಮ್ಮನಾದರು. ಮೂರನೆಯ ದಿನ ಮೂತ್ರ ನಿಂತಿತು. ಪಶುವೈದ್ಯರ ಬಳಿ ಒಯ್ಯುವ ವೇಳೆಗೆ ಮೂತ್ರಪಿಂಡಗಳು ಕೆಟ್ಟಿದ್ದವು. ನಾಲ್ಕನೆಯ ದಿನ ಒಂಬತ್ತು ವರ್ಷ ಜೊತೆಗಿದ್ದ ಆ ಜೀವ ಹೋಯಿತು. ‘ನನಗ ಛಲೋ ಆದದ್ದು ಅದಕ್ಕ ಹ್ಯಾಂಗ ಕೆಟ್ಟ ಆತ್ರೀ ಡಾಕ್ಟರ?’ ಎಂದು ಆ ತಾಯಿ ಕೇಳಿದರು. ವಿಜಯಪುರ ಸೀಮೆಯ ಒಣದ್ರಾಕ್ಷಿ ಇಲ್ಲದ ಅಡುಗೆಮನೆ ನಮ್ಮ ಕಡೆ ಅಪರೂಪವಾದುದರಿಂದ, ಅವರ ಪ್ರಶ್ನೆ ಅವರೊಬ್ಬರದಲ್ಲ; ಎಲ್ಲ ಮನೆಗಳದೂ ಹೌದು.

ಹಬ್ಬದ ಎಲೆಯನ್ನು ಪರೀಕ್ಷಿಸೋಣ

ದ್ರಾಕ್ಷಿ, ಒಣದ್ರಾಕ್ಷಿ: ಹಸಿಯಾಗಲಿ ಒಣಗಿದ್ದಾಗಲಿ, ಬೀಜವಿರಲಿ ಬಿಡಲಿ, ನಾಯಿಗೆ ಸಲ್ಲದು. ಇಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ. ಒಂದು ನಾಯಿ ತಡೆದುಕೊಂಡದ್ದು ಇನ್ನೊಂದರ ಪ್ರಾಣ ತೆಗೆಯಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ, ಒಂದರಿಂದ ಮೂರು ದಿನಗಳಲ್ಲಿ ಮೂತ್ರಪಿಂಡದ ವೈಫಲ್ಯ ಕಾಣಿಸಿಕೊಳ್ಳುತ್ತದೆ. ಪಾಯಸ, ಕೇಸರಿಬಾತು, ಲಾಡು, ಕೇಕು ಇವೆಲ್ಲವುಗಳಲ್ಲಿಯೂ ಅದು ಅಡಗಿರುತ್ತದೆ.

ಹುಣಸೆಹಣ್ಣು: ಇದು ಹಲವರಿಗೆ ಹೊಸ ಸಂಗತಿಯಾಗಬಹುದು. ದ್ರಾಕ್ಷಿಯ ವಿಷಕ್ಕೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯ ವಿಷಶಾಸ್ತ್ರಜ್ಞರು ಈಚಿನ ವರ್ಷಗಳಲ್ಲಿ ಅಭಿಪ್ರಾಯಪಟ್ಟಿದ್ದಾರೆ. ಅದೇ ಆಮ್ಲ ಹುಣಸೆಯಲ್ಲಿ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಆದುದರಿಂದ ಹೋಳಿಗೆಯ ಜೊತೆಗಿನ ಕಟ್ಟಿನ ಸಾರು, ಪುಳಿಯೋಗರೆ, ಗೊಜ್ಜು, ಎಣ್ಣೆಗಾಯಿ ಇವುಗಳನ್ನು ಕಲಸಿದ ಅನ್ನವನ್ನು ನಾಯಿಗೆ ಹಾಕಬಾರದು.

ಈರುಳ್ಳಿ, ಬೆಳ್ಳುಳ್ಳಿ: ಇವುಗಳಲ್ಲಿರುವ ಗಂಧಕಯುಕ್ತ ದ್ರವ್ಯಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತದಲ್ಲಿ ಕೇಡು ಕಾಣುತ್ತದೆ. ಎಂದರೆ ಹತ್ತು ಕಿಲೋ ತೂಗುವ ನಾಯಿಗೆ ದೊಡ್ಡದೊಂದು ಈರುಳ್ಳಿಯೇ ಸಾಕಾಗಬಹುದು. ಸ್ವಲ್ಪ ಸ್ವಲ್ಪವಾಗಿ ನಾಲ್ಕು ದಿನ ತಿಂದರೂ ಫಲ ಅದೇ. ಬೇಯಿಸುವುದರಿಂದ, ಹುರಿಯುವುದರಿಂದ ದೋಷ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಮತ್ತಷ್ಟು ಸಾಂದ್ರವಾಗುತ್ತದೆ. ಬೆಳ್ಳುಳ್ಳಿ ಈರುಳ್ಳಿಗಿಂತ ತೀಕ್ಷ್ಣ. ಲಕ್ಷಣಗಳು ತಿಂದ ದಿನವೇ ಕಾಣದೆ ಕೆಲವು ದಿನಗಳ ಅನಂತರ ತೋರುತ್ತವೆ: ನಿಶ್ಶಕ್ತಿ, ವಸಡು ಬಿಳಿಚಿಕೊಳ್ಳುವುದು, ಮೂತ್ರ ಕೆಂಪುಗಂದಾಗುವುದು. ಹಬ್ಬ ಮುಗಿದ ಮೇಲೆ ಬರುವುದರಿಂದ ಹಬ್ಬದೂಟದ ನೆನಪೇ ಆಗುವುದಿಲ್ಲ.

ಎಣ್ಣೆ, ತುಪ್ಪ, ಕರಿದ ತಿಂಡಿ: ಕರ್ಚಿಕಾಯಿ, ಚಕ್ಕುಲಿ, ಭಜಿ, ತುಪ್ಪ ಸುರಿದ ಹೋಳಿಗೆ ಇವು ಒಮ್ಮೆಗೇ ಹೆಚ್ಚಾಗಿ ಬಿದ್ದಾಗ ನಾಯಿಯ ಮೇದೋಜೀರಕ ಗ್ರಂಥಿ ಉರಿಗೊಳ್ಳುತ್ತದೆ. ಮೇಲಿಂದ ಮೇಲೆ ವಾಂತಿ, ಬೆನ್ನು ಬಾಗಿಸಿ ನಿಲ್ಲುವುದು, ಹೊಟ್ಟೆ ಮುಟ್ಟಗೊಡದಿರುವುದು ಇದರ ಗುರುತುಗಳು. ಇದು ಪ್ರಾಣಾಂತಕವೂ ಆಗಬಲ್ಲದು.

ಚಾಕೊಲೇಟು, ಕಾಫಿ, ಚಹ: ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ದ್ರವ್ಯವನ್ನು ಮನುಷ್ಯಶರೀರ ಬೇಗ ಹೊರಹಾಕುತ್ತದೆ, ನಾಯಿಯ ಶರೀರಕ್ಕೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅದು ಹೃದಯವನ್ನೂ ನರಗಳನ್ನೂ ಕೆಣಕುತ್ತದೆ. ಚಾಕೊಲೇಟು ಕಪ್ಪಾದಷ್ಟೂ ಕಹಿಯಾದಷ್ಟೂ ಅಪಾಯ ಹೆಚ್ಚು.

ಸಕ್ಕರೆ ರಹಿತ ಸಿಹಿ: ಮಧುಮೇಹಿಗಳಿಗೆಂದು ಮಾಡಿದ ಕೆಲವು ಸಿಹಿಗಳಲ್ಲಿ, ಚೂಯಿಂಗ್ ಗಮ್ಮಿನಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕವಿರುತ್ತದೆ. ನಾಯಿಯಲ್ಲಿ ಅದು ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಪಾತಾಳಕ್ಕೆ ಇಳಿಸಬಲ್ಲದು, ಯಕೃತ್ತನ್ನೂ ಕೆಡಿಸುತ್ತದೆ.

ಇವಲ್ಲದೆ ಉಪ್ಪಿನಕಾಯಿ, ಹಪ್ಪಳ, ಖಾರದ ಪಲ್ಯ, ಜಾಜಿಕಾಯಿ ಹಾಕಿದ ಸಿಹಿ, ಖೋವಾ ಇವುಗಳೂ ಬೇಡ. ಹಾಲು ಬಹಳಷ್ಟು ಬೆಳೆದ ನಾಯಿಗಳಿಗೆ ಅರಗದು. ಗೋವಿನಜೋಳದ ದಿಂಡು ಮತ್ತು ಮಾವಿನ ಗೊರಟೆ ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಒಯ್ಯುತ್ತವೆ. ಬೆಂದ ಎಲುಬು ಸೀಳಿ ಚೂಪಾಗಿ ಗಂಟಲು, ಕರುಳುಗಳಿಗೆ ಚುಚ್ಚುತ್ತದೆ.

ನಮ್ಮ ಔಷಧ ನಾಯಿಗಲ್ಲ

ವೈದ್ಯರಾಗಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಬ್ಬದಲ್ಲಿ ಹೊಟ್ಟೆ ಭಾರವಾದಾಗ ಮನೆಯವರು ತೆಗೆದುಕೊಳ್ಳುವ ಔಷಧವನ್ನೇ ನಾಯಿಗೂ ಸ್ವಲ್ಪ ಕೊಡುವ ಅಭ್ಯಾಸ ಕೆಲವೆಡೆ ಇದೆ. ಲಶುನಾದಿ ವಟಿಯಲ್ಲಿ ಬೆಳ್ಳುಳ್ಳಿಯೇ ಪ್ರಧಾನ. ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳಲ್ಲಿ ದ್ರಾಕ್ಷಿಯೂ ಇದೆ, ಸಂಧಾನದಿಂದ ಹುಟ್ಟಿದ ಮದ್ಯಾಂಶವೂ ಇದೆ. ‘ಆಯುರ್ವೇದದ ಔಷಧಕ್ಕೆ ದೋಷವಿಲ್ಲ’ ಎಂಬ ನಂಬಿಕೆ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಜ್ವರ, ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಶುವೈದ್ಯರು ಬರೆದುಕೊಡದ ಯಾವ ಔಷಧವನ್ನೂ ನಾಯಿಗೆ ಕೊಡಲಾಗದು.

ನಾಯಿಗಾಗಿ ಹಬ್ಬದ ಅಡುಗೆ

ಬೇಡವಾದುದನ್ನು ಹೇಳಿದ ಮೇಲೆ ಬೇಕಾದುದನ್ನು ಹೇಳಬೇಕು. ಹಬ್ಬದಂದು ಮನೆಯ ನಾಯಿಯನ್ನು ಬರಿಹೊಟ್ಟೆಯಲ್ಲಿ ನೋಡುತ್ತ ಕೂಡಿಸುವುದು ಯಾರ ಮನಸ್ಸಿಗೂ ಒಗ್ಗದು. ನಾಯಿ ತೋಳದ ಕುಲದ್ದಾದರೂ ಮನುಷ್ಯನೊಡನೆ ಬಾಳಿ ಪಿಷ್ಟವನ್ನು ಅರಗಿಸುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ. ಆದುದರಿಂದ ಒಂದು ಹೊತ್ತಿನ ಸಸ್ಯಾಹಾರದ ಸಜ್ಜಿಗೆ ಅಡ್ಡಿಯಿಲ್ಲ.

ಹತ್ತು ಕಿಲೋ ತೂಕದ, ಆರೋಗ್ಯವಾಗಿರುವ, ಬೆಳೆದ ನಾಯಿಗೆ ಒಂದು ಹೊತ್ತಿನ ಊಟದ ಅಳತೆ ಹೀಗಿದೆ:

ಅಕ್ಕಿ – 40 ಗ್ರಾಂ
ಹೆಸರುಬೇಳೆ – 25 ಗ್ರಾಂ
ಸಿಪ್ಪೆ, ಬೀಜ ತೆಗೆದ ಸಿಹಿಗುಂಬಳ – 50 ಗ್ರಾಂ
ಗಜ್ಜರಿ – 25 ಗ್ರಾಂ
ಉಪ್ಪು ಹಾಕದ, ಮನೆಯಲ್ಲಿ ಒಡೆದ ಹಾಲಿನ ಪನೀರು – 25 ಗ್ರಾಂ
ಸಿಹಿ ಮೊಸರು – ಎರಡು ದೊಡ್ಡ ಚಮಚ
ನೀರು – ಸುಮಾರು 400 ಮಿಲಿಲೀಟರ್

ಅಕ್ಕಿ, ಬೇಳೆಗಳನ್ನು ಮೂರು ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಿಡಬೇಕು. ನೆನೆದ ಬೇಳೆ ವಾಯು ಮಾಡುವುದು ಕಡಿಮೆ. ಕುಂಬಳ, ಗಜ್ಜರಿಗಳನ್ನು ಸಣ್ಣಗೆ ಹೆಚ್ಚಿ, ಎಲ್ಲವನ್ನೂ ಕುಕ್ಕರಿಗೆ ಹಾಕಿ ನಾಲ್ಕೈದು ಸೀಟಿ ಕೂಗಿಸಬೇಕು. ಬೇಳೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದಿರಬೇಕು. ಉಪ್ಪು, ಬೆಲ್ಲ, ಖಾರ, ಹುಳಿ, ಇಂಗು, ಒಗ್ಗರಣೆ ಯಾವುದೂ ಬೇಡ. ಒಂದು ಚಿಟಿಕೆ ಅರಿಸಿನ ಹಾಕಿದರೆ ಬಾಧಕವಿಲ್ಲ. ಚೆನ್ನಾಗಿ ಮಸೆದು, ಉಗುರುಬೆಚ್ಚಗಾದ ಮೇಲೆ ಪನೀರನ್ನು ಪುಡಿ ಮಾಡಿ, ಮೊಸರು ಸೇರಿಸಿ ಕಲಸಬೇಕು. ಬಿಸಿ ಬಿಸಿಯಾಗಿ ಇಡಬಾರದು. ಮೊಟ್ಟೆ ಬಳಸುವ ಮನೆಯವರು ಪನೀರಿನ ಬದಲು ಪೂರ್ತಿ ಬೇಯಿಸಿದ ಒಂದು ಮೊಟ್ಟೆಯನ್ನು ಕಿವುಚಿ ಹಾಕಬಹುದು. ಬೇಯಿಸಿ ಬಸಿದ ತಿರುಳಾದರೆ ಎಲುಬಿಲ್ಲದೆ, ಮಸಾಲೆಯಿಲ್ಲದೆ ಇರಬೇಕು.

ಸಿಹಿಯ ಬದಲಿಗೆ ಪುಟ್ಟದೊಂದು ತಿನಿಸನ್ನೂ ಮಾಡಬಹುದು. 30 ಗ್ರಾಂ ಬೇಯಿಸಿದ ಗೆಣಸನ್ನು ಮಸೆದು, 30 ಗ್ರಾಂ ರಾಗಿ ಹಿಟ್ಟು ಸೇರಿಸಿ, ಬೇಕಾದಷ್ಟೇ ನೀರು ಚಿಮುಕಿಸಿ ನಾದಿ, ಅಡಿಕೆ ಗಾತ್ರದ ಹನ್ನೆರಡು ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಹಬೆಯಲ್ಲಿ ಬೇಯಿಸಬೇಕು. ಗೆಣಸಿನ ಸಹಜ ಸಿಹಿಯೇ ಸಾಕು. ಹತ್ತು ಕಿಲೋ ನಾಯಿಗೆ ಇಡೀ ದಿನಕ್ಕೆ ಐದಾರು ಉಂಡೆ ಮೀರಬಾರದು. ಕೊಟ್ಟಷ್ಟಕ್ಕೆ ತಕ್ಕಂತೆ ಅನ್ನದ ಪಾಲನ್ನು ಕಡಿಮೆ ಮಾಡಬೇಕು.

ಪ್ರಮಾಣ, ಕಾಲ, ವಿಧಿ

ಐದು ಕಿಲೋ ನಾಯಿಗೆ ಮೇಲಿನ ಅಳತೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಇಪ್ಪತ್ತು ಕಿಲೋ ನಾಯಿಗೆ ಒಂದೂವರೆ ಪಾಲು ಸಾಕು. ತೂಕ ಎರಡರಷ್ಟಾದರೆ ಊಟವೂ ಎರಡರಷ್ಟಾಗಬೇಕೆಂದಿಲ್ಲ. ಈ ಊಟ ಆ ಹೊತ್ತಿನ ಆಹಾರಕ್ಕೆ ಬದಲಿಯೇ ಹೊರತು ಅದರ ಮೇಲೆ ಕೊಡುವ ಹೆಚ್ಚಿನ ಊಟವಲ್ಲ.

ಒಗ್ಗಿದ ಆಹಾರವೇ ಹಿತವೆಂಬುದು ‘ಓಕಸಾತ್ಮ್ಯ’ ಎಂಬ ಮಾತಿನ ಅರ್ಥ. ನಿತ್ಯ ಅಂಗಡಿಯ ಒಣ ಆಹಾರ ತಿನ್ನುವ ನಾಯಿಗೆ ಒಮ್ಮೆಲೇ ಬಟ್ಟಲು ತುಂಬ ಹೊಸ ಅಡುಗೆ ಇಟ್ಟರೆ ಭೇದಿಯಾಗುವುದು ಖಚಿತ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಎರಡು ಚಮಚದಿಂದ ಆರಂಭಿಸಿ ನಿತ್ಯದ ಆಹಾರದಲ್ಲಿ ಬೆರೆಸುತ್ತ ರೂಢಿ ಮಾಡಿಸಬೇಕು. ಅದಾಗದಿದ್ದರೆ ಹಬ್ಬದಂದು ಕಾಲು ಪಾಲು ಇದು, ಮುಕ್ಕಾಲು ಪಾಲು ನಿತ್ಯದ ಆಹಾರ ಎಂದಿರಲಿ. ಮರಿಗಳು, ಗಬ್ಬದ ನಾಯಿಗಳು, ಮಧುಮೇಹ, ಮೂತ್ರಪಿಂಡದ ಅಥವಾ ಮೇದೋಜೀರಕದ ತೊಂದರೆಯುಳ್ಳವುಗಳಿಗೆ ಪಶುವೈದ್ಯರನ್ನು ಕೇಳದೆ ಆಹಾರ ಬದಲಿಸಬಾರದು.

ದೀಪಾವಳಿಯ ಸಂಜೆ ಪಟಾಕಿಯ ಸದ್ದಿಗೆ ಹೆದರಿದ ನಾಯಿ ಸರಿಯಾಗಿ ಉಣ್ಣದು, ಉಂಡದ್ದು ಅರಗದು. ಆದುದರಿಂದ ಕತ್ತಲಾಗುವ ಮುನ್ನವೇ ತಿರುಗಾಡಿಸಿ ತಂದು, ಸ್ವಲ್ಪ ವಿಶ್ರಾಂತಿಯ ಅನಂತರ ಉಣಿಸಿ, ಒಳಕೋಣೆಯಲ್ಲಿ ನೀರಿಟ್ಟು ಮಲಗಿಸುವುದು ಲೇಸು. ಉಂಡ ಕೂಡಲೇ ಓಡಿಸಬಾರದು. ಮುಧೋಳ ತಳಿಯಂತಹ ಆಳವಾದ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಭಯವಿದೆ.

ಈ ಅಡುಗೆ ಹಬ್ಬದ ಮಟ್ಟಿಗೆ ಮಾತ್ರ. ಸುಣ್ಣದಂಶ, ಸತು, ಬಿ12 ಜೀವಸತ್ವ ಮೊದಲಾದವು ಇದರಲ್ಲಿ ನಾಯಿಗೆ ಬೇಕಾದಷ್ಟು ಇರುವುದಿಲ್ಲ. ನಿತ್ಯವೂ ಮನೆಯ ಊಟವನ್ನೇ ಕೊಡಬೇಕೆನ್ನುವವರು, ಅದರಲ್ಲಿಯೂ ಸಸ್ಯಾಹಾರವನ್ನೇ ಕೊಡಬೇಕೆನ್ನುವವರು, ಪಶುವೈದ್ಯರಿಂದ ಕ್ರಮಬದ್ಧವಾದ ಪಟ್ಟಿ ಬರೆಸಿಕೊಳ್ಳಬೇಕು.

ತಿನ್ನಬಾರದ್ದನ್ನು ತಿಂದುಬಿಟ್ಟರೆ

ಲಕ್ಷಣ ಕಾಣಲಿ ಎಂದು ಕಾಯಬಾರದು. ದ್ರಾಕ್ಷಿ, ಚಾಕೊಲೇಟು, ಕ್ಸೈಲಿಟಾಲ್ ವಿಷಯದಲ್ಲಿ ಮೊದಲ ಒಂದೆರಡು ಗಂಟೆಗಳೇ ನಿರ್ಣಾಯಕ. ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು, ನಾಯಿಯ ತೂಕವೆಷ್ಟು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಂಡು, ಪೊಟ್ಟಣವಿದ್ದರೆ ಅದನ್ನೂ ಹಿಡಿದು ಕೂಡಲೇ ಪಶುವೈದ್ಯರನ್ನು ಕಾಣಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ. ಅತಿಯಾದ ಉಪ್ಪೇ ನಾಯಿಗೆ ವಿಷ. ಗಂಟಲಿಗೆ ಬೆರಳು ಹಾಕುವುದು, ಎಣ್ಣೆ ಕುಡಿಸುವುದು ಕೂಡದು. ಹಬ್ಬದ ರಜೆಯಲ್ಲಿ ಯಾವ ಪಶುವೈದ್ಯರು ದೊರೆಯುತ್ತಾರೆಂಬುದನ್ನು ಮೊದಲೇ ವಿಚಾರಿಸಿ ದೂರವಾಣಿ ಸಂಖ್ಯೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಡುವುದು ಜಾಣತನ.

ಎತ್ತಿಟ್ಟ ಪಾಲು, ಉಳಿದ ಪಾಲಲ್ಲ

ನಾವು ಹೇಳಿದ್ದೆಲ್ಲವನ್ನೂ ಒಂದೇ ಮಾತಿನಲ್ಲಿ ನೆನಪಿಡಬೇಕೆಂದರೆ ಅದು ಇದು: ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ಎತ್ತಿಡಬೇಕು. ಹಿರಿಯರ ರೂಢಿಯ ಸಾರವೂ ಅದೇ. ಅವರು ಉಣ್ಣುವ ಮುನ್ನ ಎತ್ತಿಡುತ್ತಿದ್ದರು. ನಾವು ಉಂಡ ಮೇಲೆ ಉಳಿದುದನ್ನು ಸುರಿಯುತ್ತೇವೆ. ಉಂಡೆದ್ದ ಎಲೆಯಲ್ಲಿ ಹುಳಿ, ಉಪ್ಪು, ಈರುಳ್ಳಿ, ದ್ರಾಕ್ಷಿ, ಎಣ್ಣೆ ಎಲ್ಲವೂ ಕಲೆತಿರುತ್ತವೆ. ಅನ್ನಕ್ಕಿಟ್ಟ ಕುಕ್ಕರಿನಿಂದ, ಕುದಿಯುತ್ತಿರುವ ಬೇಳೆಯಿಂದ, ಹೆಚ್ಚಿಟ್ಟ ಕುಂಬಳದಿಂದ ಒಂದೊಂದು ಹಿಡಿ ಬೇರೆ ಪಾತ್ರೆಗೆ ತೆಗೆದಿಡಲು ಅಡುಗೆಯವರಿಗೆ ಐದು ನಿಮಿಷ ಸಾಕು. ಮನೆಗೆ ಬಂದ ಬೀಗರಿಗೂ ಮಕ್ಕಳಿಗೂ ‘ನಾಯಿಯ ಊಟ ಆಗಿದೆ, ನೀವೇನೂ ಹಾಕಬೇಡಿ’ ಎಂದು ಮೊದಲೇ ಹೇಳಬೇಕು. ಒಬ್ಬೊಬ್ಬರು ಪ್ರೀತಿಯಿಂದ ಹಾಕಿದ ಒಂದೊಂದು ತುತ್ತೇ ಕೊನೆಗೆ ಬಟ್ಟಲಾಗುತ್ತದೆ.

ಬೀದಿಯ ನಾಯಿಗಳನ್ನೂ ಮರೆಯಬಾರದು. ಹಬ್ಬದ ಮರುದಿನ ಓಣಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ಎಂಜಲನ್ನು ಅವು ಚೀಲಸಹಿತ ನುಂಗುತ್ತವೆ. ಎಂಜಲನ್ನು ಗೊಬ್ಬರದ ಗುಂಡಿಗೆ ಸೇರಿಸಿ, ಸಪ್ಪೆ ಅನ್ನವನ್ನೋ ರೊಟ್ಟಿಯನ್ನೋ ನೀರಿನೊಡನೆ ಅವುಗಳಿಗೆ ಇಟ್ಟರೆ ಅದೇ ನಿಜವಾದ ದಾಸೋಹ. ಬಾಯಿಲ್ಲದ ಜೀವ ನಾವು ಕೊಟ್ಟುದನ್ನು ನಂಬಿ ತಿನ್ನುತ್ತದೆ. ಆ ನಂಬಿಕೆಗೆ ತಕ್ಕಂತೆ ಉಣಿಸುವುದು ನಮ್ಮ ಹೊಣೆ.